ಮೂರು ಬೀಗದ ಪೆಟ್ಟಿಗೆ, ಒಂದು ಹನಿ ಲಸಿಕೆ: ಟಾಂಜಾನಿಯಾಕ್ಕೆ ಸ್ವಯಂಸೇವಕರಾಗಿ ಹೊರಟವರಿಗೆ

ನಾನು ಹಾವೇರಿ ಕಡೆಯವನು. ಟಾಂಜಾನಿಯಾದ ಮೊರೊಗೊರೊ ಪಟ್ಟಣದ ಹತ್ತಿರ ಹದಿನಾಲ್ಕು ತಿಂಗಳು ಸ್ವಯಂಸೇವಕನಾಗಿದ್ದೆ. ಹೋಗುವಾಗ ಲ್ಯಾಪ್‌ಟಾಪಿನಲ್ಲಿ ಆರು ಯೋಜನೆ ಬರೆದುಕೊಂಡು ಹೋಗಿದ್ದೆ. ಕಂಪ್ಯೂಟರ್ ತರಗತಿ, ಸಣ್ಣ ಲೈಬ್ರರಿ, ಇಂಗ್ಲಿಷ್ ಕ್ಲಬ್ಬು, ಇನ್ನೂ ಏನೇನೋ. ಒಂದೂ ನಡೆಯಲಿಲ್ಲ. ನಡೆದದ್ದು ಪಟ್ಟಿಯಲ್ಲೇ ಇಲ್ಲದ ಏಳನೆಯದು: ಹುಡುಗ ಹುಡುಗಿಯರು ಮನೆಮನೆಗೆ ಹೋಗಿ ನಾಟಿಕೋಳಿಗೆ ಲಸಿಕೆ ಹಾಕುವುದು. ಅದು ನನ್ನ ತಲೆಗೆ ಹೊಳೆದದ್ದೂ ಅಲ್ಲ.

ಈಗ ಯಾರಾದರೂ "ನಾನೂ ಆಫ್ರಿಕಾಕ್ಕೆ ಹೋಗಿ ಯುವಕರಿಗೆ ಏನಾದರೂ ಮಾಡಬೇಕು" ಅಂದರೆ ನಾನು ಮೊದಲು ಕೇಳುವುದು, ಕಚೇರಿ ಬೆಂಚಿನ ಮೇಲೆ ನಾಲ್ಕು ತಾಸು ಸುಮ್ನೆ ಕೂರಲು ಬರುತ್ತದಾ ಅಂತ. ತಮಾಷೆಗೆ ಹೇಳುತ್ತಿಲ್ಲ. ಅಲ್ಲಿನ ಹುಡುಗರಿಗೆ ಬುದ್ಧಿ ಇದೆ, ಊರು ಗೊತ್ತು, ಭಾಷೆ ಗೊತ್ತು, ಯಾರು ಕಳ್ಳ ಯಾರು ಒಳ್ಳೆಯವ ಅಂತಲೂ ಗೊತ್ತು. ಅವರ ಹತ್ತಿರ ಇಲ್ಲದೆ ನಿಮ್ಮ ಹತ್ತಿರ ಇರುವುದು ಬಿಡುವಾದ ಹಗಲು. ದಿನಗೂಲಿ ಬಿಟ್ಟು ಒಂದು ಸೀಲಿಗಾಗಿ ಮೂರು ದಿನ ಅಲೆದರೆ ಅವರ ಮನೆಯಲ್ಲಿ ಒಲೆ ಹತ್ತುವುದಿಲ್ಲ. ನೀವು ಅಲೆಯಬಹುದು. ಕೆಳಗೆ ಬರೆದದ್ದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಹೊರಡುವ ಮುಂಚೆ

ಕಾಗದ ಸರಿ ಇರಲಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸ್ವಯಂಸೇವೆ ಮಾಡುವಂತಿಲ್ಲ, ದುಡ್ಡು ತೆಗೆದುಕೊಳ್ಳದಿದ್ದರೂ ಅದು ಕೆಲಸವೇ. ಸ್ವಯಂಸೇವಕರಿಗೆ, ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ಅಂತ ಟಾಂಜಾನಿಯಾದಲ್ಲಿ 'ಕ್ಲಾಸ್ ಸಿ' ಅನ್ನುವ ವಾಸದ ಪರವಾನಗಿ ಇದೆ. ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆ ಅದರ ವಿಷಯ ತಾನಾಗಿಯೇ ಎತ್ತಬೇಕು. "ಬನ್ನಿ, ಆಮೇಲೆ ನೋಡೋಣ" ಅಂದರೆ ಆ ಸಂಸ್ಥೆ ಬಿಟ್ಟುಬಿಡಿ.

ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಿ. ನೈರೋಬಿ, ಅಡಿಸ್ ಅಬಾಬಾ ದಾರಿಯಲ್ಲಿ ಬಂದು ಹೋಗುವವರಿಗೆ ಈ ಕಾರ್ಡಿನ ವಿಷಯದಲ್ಲಿ ವಿಮಾನ ನಿಲ್ದಾಣದಲ್ಲೇ ತಕರಾರು ಬರಬಹುದು. 2016ರಿಂದ ಈ ಕಾರ್ಡು ಜೀವನಪೂರ್ತಿ ನಡೆಯುತ್ತದೆ, ಜೋಪಾನ ಮಾಡಿ. ಮಲೇರಿಯಾ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಅಲ್ಲಿ ಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಉಳಿದ ಮಾತು.

ಎಷ್ಟು ದಿನಕ್ಕೆ ಹೋಗುತ್ತೀರಿ? ಎರಡು ವಾರ ಅಂದರೆ ಪ್ರವಾಸ ಮಾಡಿ ಬನ್ನಿ, ಅದು ಒಳ್ಳೆಯದೇ. ಆರು ತಿಂಗಳಿಗಿಂತ ಕಡಿಮೆ ಇದ್ದರೆ ಹೊಸದಾಗಿ ಏನನ್ನೂ ಶುರು ಮಾಡಬೇಡಿ, ನಡೆಯುತ್ತಿರುವ ಕೆಲಸಕ್ಕೆ ಕೈ ಸೇರಿಸಿ. ಇದರಲ್ಲಿ ನಾನು ಸ್ವಲ್ಪ ಹಟಮಾರಿ.

ಭಾಷೆ ಕಲಿಯಿರಿ, ನಮಗೆ ಅದು ಕಷ್ಟವಲ್ಲ

ಸ್ವಾಹಿಲಿ ಕನ್ನಡದವರಿಗೆ ಬೇಗ ಹತ್ತುತ್ತದೆ. ಬರೆದಂತೆ ಓದುವ ಭಾಷೆ. ಪದಗಳೆಲ್ಲ ನಮ್ಮ ಹಾಗೆ ಸ್ವರದಲ್ಲೇ ಮುಗಿಯುತ್ತವೆ. ನಾವು ಬಸ್ಸು ಅಂದರೆ ಅವರು 'ಬಾಸಿ', ನಾವು ಬ್ಯಾಂಕು ಅಂದರೆ ಅವರು 'ಬೆಂಕಿ'. (ಹೌದು, ಬೆಂಕಿಯಲ್ಲಿ ದುಡ್ಡು ಇಡುತ್ತಾರೆ. ಮೊದಲ ವಾರ ನಗು ತಡೆಯಲಾಗಲಿಲ್ಲ.) ಸಮುದ್ರ ದಾಟಿ ಹೋದ ಗುಜರಾತಿ ಕಚ್ಛಿ ವ್ಯಾಪಾರಿಗಳ ಜೊತೆ ಹೋದ ಪದಗಳೂ ಇವೆ. ಅಂಗಡಿಗೆ 'ದುಕಾ', ವಾಹನಕ್ಕೆ 'ಗಾರಿ', ಚಪಾತಿಗೆ ಚಪಾತಿಯೇ, ಲಕ್ಷಕ್ಕೆ 'ಲಾಕಿ'.

ಹಿರಿಯರು ಕಂಡರೆ 'ಶಿಕಾಮೋ' ಅನ್ನಬೇಕು, ಅವರು 'ಮರಹಾಬಾ' ಅನ್ನುತ್ತಾರೆ. ಮನೆಯ ಹೊರಗೆ ನಿಂತು 'ಹೋಡಿ' ಅಂತ ಕೂಗಿ, ಒಳಗಿಂದ 'ಕಾರಿಬು' ಬರುವ ತನಕ ಒಳಗೆ ಕಾಲಿಡಬೇಡಿ. ಇಷ್ಟು ಮಾಡಿದರೆ ಅರ್ಧ ಊರು ನಿಮ್ಮ ಕಡೆ.

ಇನ್ನೊಂದು, ಸಮಯ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. 'ಸಾ ಮೋಜಾ', ಅಂದರೆ ಒಂದನೇ ಗಂಟೆ, ನಮ್ಮ ಬೆಳಿಗ್ಗೆ ಏಳು. 'ಸಾ ತೀಸಾ', ಒಂಬತ್ತನೇ ಗಂಟೆ, ನಮ್ಮ ಮಧ್ಯಾಹ್ನ ಮೂರು. ನಾನು ಮೊದಲ ಸಭೆಗೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಖಾಲಿ ಶಾಲೆಯ ಮುಂದೆ ಎರಡು ತಾಸು ಕೂತು, ಇವರಿಗೆ ಸಮಯದ ಬೆಲೆ ಗೊತ್ತಿಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡು ಎದ್ದು ಬಂದೆ, ಅವರು ಮೂರು ಗಂಟೆಗೆ ಸರಿಯಾಗಿ ಬಂದು ನನಗಾಗಿ ಕಾದಿದ್ದರು. ಆರು ತಾಸು ಕೂಡಿ ಅಥವಾ ಕಳೆಯಿರಿ. ಅನುಮಾನ ಇದ್ದರೆ "ಊಟಕ್ಕೆ ಮುಂಚೆಯೋ ಆಮೇಲೆಯೋ" ಅಂತ ಕೇಳಿಬಿಡಿ.

ಮೊದಲ ತಿಂಗಳು: ಕಾಗದ ಹಿಡಿದು ಓಡಾಟ

ಊರಿಗೆ ನೇರವಾಗಿ ನುಗ್ಗಬೇಡಿ. 'ಬರುವಾ ಯಾ ಉತಾಂಬುಲಿಶೊ' ಅನ್ನುವ ಪರಿಚಯ ಪತ್ರ ಬೇಕು. ಜಿಲ್ಲೆಯ ಕಚೇರಿಯಿಂದ ವಾರ್ಡಿಗೆ, ವಾರ್ಡಿನಿಂದ ಹಳ್ಳಿಗೆ ಅಥವಾ ಪಟ್ಟಣದ ಬೀದಿಗೆ, ಮೇಲಿನಿಂದ ಕೆಳಗೆ ಒಂದೊಂದೇ ಸೀಲು ಬೀಳುತ್ತಾ ಬರುತ್ತದೆ. ಹಳ್ಳಿಯಲ್ಲಿ ಇಬ್ಬರನ್ನು ಬೇರೆ ಬೇರೆಯಾಗಿ ನೋಡಬೇಕು. 'ಮ್ವೆನ್ಯೆಕಿತಿ' ಊರಿನವರು ಆರಿಸಿದ ಅಧ್ಯಕ್ಷ, 'ಮ್ತೆಂದಾಜಿ' ಸರ್ಕಾರಿ ನೌಕರ. ನಮ್ಮ ಪಂಚಾಯಿತಿ ಅಧ್ಯಕ್ಷರು ಮತ್ತು ಪಿಡಿಒ ಇದ್ದ ಹಾಗೆ ಅಂದುಕೊಳ್ಳಿ. ಒಬ್ಬರನ್ನು ಮಾತ್ರ ಕಂಡರೆ ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆ. ಇದನ್ನೂ ಬಿಡಿಸಿ ಹೇಳಬೇಕಾ!

ವಾರ್ಡಿನಲ್ಲಿ ಸಮುದಾಯ ಅಭಿವೃದ್ಧಿ ಅಧಿಕಾರಿ ಇರುತ್ತಾರೆ. ಅವರ ಬಾಗಿಲ ಮುಂದಿನ ಬೆಂಚೇ ಮುಂದೆ ನಿಮ್ಮ ಆಫೀಸು. ಅಲ್ಲಿ ಕೂತವರನ್ನು ಮಾತಾಡಿಸುತ್ತಾ ಇರಿ. ಯಾವ ಗುಂಪು ಹೋದ ವರ್ಷ ಮುರಿದುಬಿತ್ತು, ಯಾವ ಸಂಸ್ಥೆ ಹೊಲಿಗೆ ಯಂತ್ರ ಕೊಟ್ಟು ಹೋಗಿ ಅದು ಯಾರ ಮನೆಯಲ್ಲಿ ಧೂಳು ತಿನ್ನುತ್ತಿದೆ, ಎಲ್ಲ ಅಲ್ಲೇ ಸಿಗುತ್ತದೆ. ಯಾವ ಸರ್ವೆಯೂ ಇಷ್ಟು ಹೇಳುವುದಿಲ್ಲ.

ಈ ತಿಂಗಳಲ್ಲಿ ಯೋಜನೆ ಅನ್ನುವ ಪದವನ್ನೇ ಬಾಯಿಂದ ತೆಗೆಯಬೇಡಿ. ತೆಗೆದರೆ ಮರುದಿನವೇ ಬಜೆಟ್ ಎಷ್ಟು ಅನ್ನುವ ಪ್ರಶ್ನೆ ಬರುತ್ತದೆ.

ಹುಡುಗರು ಎಲ್ಲಿರುತ್ತಾರೆ, ಹುಡುಗಿಯರು ಎಲ್ಲಿ

ನಮ್ಮೂರಲ್ಲಿ ಕಟ್ಟೆ ಇದ್ದ ಹಾಗೆ ಅಲ್ಲಿ 'ಕಿಜಿವೆ'. ಪದದ ಅರ್ಥ ಸಣ್ಣ ಕಲ್ಲು. ಬೋಡಾಬೋಡಾ, ಅಂದರೆ ಬಾಡಿಗೆ ಬೈಕಿನ ಹುಡುಗರು ನಿಲ್ಲುವ ಜಾಗ, ಕಟಿಂಗ್ ಶಾಪು, ಕಾಫಿ ಮಾರುವವನ ಪಕ್ಕದ ನೆರಳು, ಎಲ್ಲ ಕಿಜಿವೆಯೇ. ಸಂಜೆ ಅಲ್ಲಿ ಹೋಗಿ ಕೂರಿ. ಫುಟ್‌ಬಾಲಿನಲ್ಲಿ ಸಿಂಬಾ ತಂಡವೋ ಯಾಂಗಾ ತಂಡವೋ ಅಂತ ಕೇಳುತ್ತಾರೆ. ಯಾವುದನ್ನು ಹೇಳಿದರೂ ಅರ್ಧ ಜನ ಕಳೆದುಕೊಳ್ಳುತ್ತೀರಿ. ಕ್ರಿಕೆಟ್ ಅಂದು ತಪ್ಪಿಸಿಕೊಳ್ಳಿ.

ಆದರೆ ಕಿಜಿವೆಯಲ್ಲಿ ಹುಡುಗಿಯರು ಇರುವುದಿಲ್ಲ. ಬಹಳ ಸ್ವಯಂಸೇವಕರು ಎಡವುವುದು ಇಲ್ಲೇ. "ಯುವಕರ ಅಭಿಪ್ರಾಯ ಕೇಳಿದೆವು" ಅನ್ನುತ್ತಾರೆ, ಕೇಳಿರುವುದು ಹತ್ತು ಬೈಕಿನ ಹುಡುಗರನ್ನು. ಹುಡುಗಿಯರು ಸಿಗುವುದು ನೀರಿನ ನಲ್ಲಿ ಹತ್ತಿರ, ಜಡೆ ಹೆಣೆಯುವ ಸಲೂನಿನಲ್ಲಿ, ಟೈಲರ್ ಅಂಗಡಿಯಲ್ಲಿ, ಬೀದಿ ಬದಿ ಅನ್ನ ಬೀನ್ಸ್ ಬೇಯಿಸಿ ಮಾರುವ 'ಮಾಮಾ ಲಿಶೆ'ಯರ ಒಲೆ ಪಕ್ಕ. ನೀವು ಗಂಡಸಾದರೆ ಅಲ್ಲಿ ಒಬ್ಬರೇ ಹೋಗಬೇಡಿ, ಊರಿನ ಹೆಂಗಸೊಬ್ಬರನ್ನು ಕರೆದುಕೊಂಡು ಹೋಗಿ. ಸಭೆ ಇಟ್ಟರೆ ರಾತ್ರಿಯ ಅಡುಗೆಗೆ ಮುಂಚೆ, ಕತ್ತಲಾಗುವ ಮೊದಲು ಮುಗಿಯುವಂತೆ ಇಡಿ. ನಾವು ಐದರ ಸಭೆಯನ್ನು ಮೂರಕ್ಕೆ ತಂದೆವು ಅಷ್ಟೇ, ಬರುವ ಹುಡುಗಿಯರು ಇಬ್ಬರಿಂದ ಒಂಬತ್ತಾದರು. ಹದಿನೆಂಟು ತುಂಬದವರಿದ್ದರೆ ಮನೆಯವರ ಒಪ್ಪಿಗೆ ಪಡೆಯಿರಿ. ಯಾರ ಫೋಟೊವನ್ನೂ ಕೇಳದೆ ತೆಗೆಯಬೇಡಿ, ಹಾಕಬೇಡಿ.

ಮಳೆಗಾಲವನ್ನೂ ನೋಡಿಕೊಳ್ಳಿ. ಮಾರ್ಚಿನಿಂದ ಮೇ ತನಕ 'ಮಸಿಕಾ', ದೊಡ್ಡ ಮಳೆ. ಬಿತ್ತನೆ ವಾರಗಳಲ್ಲಿ ಎಲ್ಲರೂ ಹೊಲದಲ್ಲಿರುತ್ತಾರೆ. ನವೆಂಬರಿನಲ್ಲಿ ಫಾರ್ಮ್ ಫೋರ್ ಪರೀಕ್ಷೆ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ಥರ. ಅದು ಮುಗಿದ ಮೇಲೆ ಫಲಿತಾಂಶ ಬರುವ ತನಕ ಕೈ ಖಾಲಿ ಇರುವ ಮಕ್ಕಳು ಊರು ತುಂಬಾ ಸಿಗುತ್ತಾರೆ. ಶುರು ಮಾಡಲು ಅದು ಒಳ್ಳೆಯ ಕಾಲ. ಪ್ರೈಮರಿ ಪೂರ್ತಿ ಸ್ವಾಹಿಲಿಯಲ್ಲಿ ಓದಿ ಸೆಕೆಂಡರಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬೀಳುವ ಮಕ್ಕಳು ಅವರು. ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸಿಗೆ ಹೋದವರಿಗೆ ಆ ಮುಖ ನೋಡಿದರೆ ಸಾಕು, ಅರ್ಥವಾಗುತ್ತದೆ. ನನಗಂತೂ ಆಯಿತು.

ಏನು ಮಾಡುವುದು ಅಂತ ಆರಿಸುವಾಗ

"ನಿಮಗೆ ಏನು ಬೇಕು?" ಅಂತ ಕೇಳಬೇಡಿ. ಕೇಳಿದರೆ ಕಂಪ್ಯೂಟರ್, ಟ್ರ್ಯಾಕ್ಟರ್, ಸಾಲ ಅನ್ನುತ್ತಾರೆ, ನಾನಾದರೂ ಅದನ್ನೇ ಹೇಳುತ್ತಿದ್ದೆ. "ಹೋದ ತಿಂಗಳು ಇಲ್ಲಿ ಜನ ಯಾವುದಕ್ಕೆ ದುಡ್ಡು ಖರ್ಚು ಮಾಡಿದರು? ಯಾವುದರಲ್ಲಿ ದುಡ್ಡು ಕಳೆದುಕೊಂಡರು?" ಅಂತ ಕೇಳಿ. ನನಗೆ ಉತ್ತರ ಕೊಟ್ಟದ್ದು ಒಬ್ಬ ಮಾಮಾ ಲಿಶೆ. ಅವಳ ಹದಿನೇಳು ಕೋಳಿ ಒಂದೇ ವಾರದಲ್ಲಿ ಸತ್ತಿದ್ದವು. 'ಮ್ಡೊಂಡೊ' ಅಂದಳು.

ಮ್ಡೊಂಡೊ ಅಂದರೆ ನಮ್ಮ ಕೊಕ್ಕರೆ ರೋಗ. ರಾಣಿಖೇತ್ ಅಂತಲೂ ಅನ್ನುತ್ತೇವಲ್ಲ, ಅದೇ. ಬಂದರೆ ಔಷಧಿ ಇಲ್ಲ, ಬರುವ ಮುಂಚೆ ಲಸಿಕೆ ಮಾತ್ರ. ಬಿಸಿ ಹವೆಯಲ್ಲಿ ಬೇಗ ಕೆಡದ ಐ-2 ಅನ್ನುವ ಲಸಿಕೆ ಟಾಂಜಾನಿಯಾದಲ್ಲಿ ಸಿಗುತ್ತದೆ. ಕೋಳಿಯ ಕಣ್ಣಿಗೆ ಒಂದು ಹನಿ, ಮರಿಗೂ ಹುಂಜಕ್ಕೂ ಅಷ್ಟೇ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಅಷ್ಟು ಸುಲಭ ಇದ್ದರೆ ಯಾಕೆ ಯಾರೂ ಹಾಕಿಸುತ್ತಿರಲಿಲ್ಲ? ಒಂದು ಬಾಟಲಿ ನೂರಾರು ಕೋಳಿಗೆ ಆಗುತ್ತದೆ, ತೆರೆದ ಮೇಲೆ ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ, ಒಬ್ಬೊಬ್ಬರ ಮನೆಯಲ್ಲಿ ಇರುವುದು ಹತ್ತು ಹದಿನೈದು ಕೋಳಿ. ಹತ್ತು ಕೋಳಿಗೆ ಇಡೀ ಬಾಟಲಿ ಯಾರು ಕೊಳ್ಳುತ್ತಾರೆ? ಬೀದಿಯ ಎಲ್ಲ ಮನೆಗಳನ್ನೂ ಒಂದೇ ಬೆಳಿಗ್ಗೆ ಒಪ್ಪಿಸುವ ಜನ ಬೇಕಿತ್ತು. ಅಂದರೆ ಕಾಲಲ್ಲಿ ಶಕ್ತಿ ಇರುವ, ಎಲ್ಲರಿಗೂ ಪರಿಚಯ ಇರುವ ಹುಡುಗ ಹುಡುಗಿಯರು.

ಹಾಗೆ ಶುರುವಾಯಿತು. ವಾರ್ಡಿನ ಪಶು ಅಧಿಕಾರಿ ಎರಡು ದಿನ ಕಲಿಸಿದರು. ಅವರನ್ನು ಬಿಟ್ಟು ಈ ಕೆಲಸ ಮಾಡಲೇಬೇಡಿ. ಒಂದು ಕೋಳಿಗೆ ನೂರು ಶಿಲ್ಲಿಂಗ್ ಅಂತ ಗುಂಪೇ ಬೆಲೆ ಕಟ್ಟಿತು, ನಮ್ಮ ಮೂರು ರೂಪಾಯಿ ಹತ್ತಿರ. ಬೆಳಕು ಹರಿಯುವ ಮುಂಚೆ, ಕೋಳಿ ಗೂಡಿನಿಂದ ಹೊರಗೆ ಬಿಡುವ ಮೊದಲೇ ಹೋಗಬೇಕು, ಆಮೇಲೆ ಹಿಡಿಯಲು ಆಗುವುದಿಲ್ಲ. ಯಾವ ತಿಂಗಳಲ್ಲಿ ರೋಗ ಜಾಸ್ತಿ ಅಂತ ಊರಿನವರನ್ನೇ ಕೇಳಿ, ಅದಕ್ಕೆ ಒಂದು ತಿಂಗಳ ಮುಂಚೆ ಹಾಕಿ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಿ. ನಮ್ಮ ಹುಡುಗನೊಬ್ಬ ಆಗಲೇ ತೂಕಡಿಸುತ್ತಿದ್ದ ಕೋಳಿಗಳಿಗೆ ಹಾಕಿಬಿಟ್ಟ. ಎರಡು ದಿನದಲ್ಲಿ ಅವು ಸತ್ತವು, ಲಸಿಕೆಯಿಂದಲೇ ಸತ್ತವು ಅಂತ ಊರೆಲ್ಲ ಸುದ್ದಿ. ಆ ಬೀದಿ ಮತ್ತೆ ನಮ್ಮ ದಾರಿಗೆ ಬರಲು ಐದು ತಿಂಗಳು ಹಿಡಿಯಿತು.

ನಿಮ್ಮ ಊರಲ್ಲಿ ಕೋಳಿಯೇ ಆಗಬೇಕೆಂದಿಲ್ಲ. ಆದರೆ ಮೂರು ವಿಷಯ ನೋಡಿ. ಜನ ಅದಕ್ಕೆ ತಮ್ಮ ಜೇಬಿನಿಂದ ಕೊಡುತ್ತಾರಾ? ಒಬ್ಬರಿಂದ ಆಗದೆ ಗುಂಪೇ ಬೇಕಾಗುವ ಕೆಲಸವಾ? ಬೇಕಾದ ಸಾಮಾನು ಅಲ್ಲಿನ ಪೇಟೆಯಲ್ಲೇ ಸಿಗುತ್ತದಾ? ಬೆಂಗಳೂರಿನಿಂದ ಬ್ಯಾಗಿನಲ್ಲಿ ತರಬೇಕು ಅಂದರೆ ಅಲ್ಲಿಗೆ ಬಿಡಿ.

ಪೋಶೊ ಎಂಬ ತಲೆನೋವು

ಸಭೆಗೆ ಬಂದವರಿಗೆ ಕೊಡುವ ಭತ್ಯೆಗೆ 'ಪೋಶೊ' ಅನ್ನುತ್ತಾರೆ, ಬಸ್ ಚಾರ್ಜಿಗೆ 'ನೌಲಿ'. ದೊಡ್ಡ ಸಂಸ್ಥೆಗಳು ವರ್ಷಗಟ್ಟಲೆ ಕೊಟ್ಟು ಕೊಟ್ಟು ಈಗ ಅದು ಹಕ್ಕಿನ ಹಾಗೆ ಆಗಿದೆ. ಜನರನ್ನು ಬೈಯಬೇಡಿ. ಒಂದು ದಿನದ ಕೂಲಿ ಬಿಟ್ಟು ನಿಮ್ಮ ಸಭೆಗೆ ಬಂದವರು ಅವರು.

ಮೊದಲ ಸಭೆಯಲ್ಲಿ ನಾನು ಸೋಡಾ, ನೌಲಿ ಎರಡೂ ಕೊಟ್ಟೆ. ನಲವತ್ತು ಜನ ಬಂದರು. ಎರಡನೆಯದರಲ್ಲಿ ಏನೂ ಕೊಡಲಿಲ್ಲ, ಏಳು ಜನ ಬಂದರು, ಅದರಲ್ಲಿ ಒಬ್ಬ ಮಳೆ ಬಂತು ಅಂತ ಒಳಗೆ ಬಂದವನು. ಆಮೇಲೆ ಇಟ್ಟುಕೊಂಡ ನಿಯಮ ಇಷ್ಟು: ನಾನು ಕರೆದರೆ ನೌಲಿ ನನ್ನದು, ಗುಂಪು ಸೇರಿದರೆ ಯಾರದೂ ಇಲ್ಲ. ಪಶು ಅಧಿಕಾರಿಯ ಪೆಟ್ರೋಲ್ ಖರ್ಚು ಗುಂಪಿನ ದುಡ್ಡಿನಿಂದ, ಚೀಟಿ ಬರೆದು. ಮೊದಲ ದಿನವೇ ಇದನ್ನು ಬಾಯಿಬಿಟ್ಟು ಹೇಳಿ. ಮಧ್ಯದಲ್ಲಿ ಬದಲಾಯಿಸಿದರೆ ನೀವೇ ತಿಂದಿರಿ ಅಂತ ಮಾತು ಹುಟ್ಟುತ್ತದೆ.

ದುಡ್ಡಿನ ಪೆಟ್ಟಿಗೆ

ದುಡಿಮೆ ಶುರುವಾದ ಮೇಲೆ ದುಡ್ಡು ಎಲ್ಲಿ ಇಡುವುದು? ಇಲ್ಲಿ ಹೊಸದೇನೂ ಕಂಡುಹಿಡಿಯಬೇಡಿ. ಟಾಂಜಾನಿಯಾದ ಹಳ್ಳಿಹಳ್ಳಿಯಲ್ಲಿ 'ವಿಕೋಬಾ' ಅನ್ನುವ ಉಳಿತಾಯ ಗುಂಪುಗಳಿವೆ. ಇದರ ಮೂಲ ನೈಜರ್ ದೇಶದ ಮರಾಡಿಯಲ್ಲಿ 1991ರಲ್ಲಿ ಕೇರ್ ಸಂಸ್ಥೆ ಹೆಂಗಸರ ಜೊತೆ ಶುರು ಮಾಡಿದ ಪದ್ಧತಿ. ನಿಮ್ಮ ತಾಯಿಯೋ ಅತ್ತೆಯೋ ಸ್ತ್ರೀಶಕ್ತಿ ಸಂಘದಲ್ಲಿದ್ದರೆ ಹೊರಡುವ ಮುಂಚೆ ಅವರ ಸಭೆಯಲ್ಲಿ ನಾಲ್ಕು ಸಲ ಕೂತು ಬನ್ನಿ, ಯಾವ ತರಬೇತಿಗಿಂತಲೂ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ 1980ರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳು ಬೆಳೆಸಿದ ಸ್ವಸಹಾಯ ಸಂಘಗಳು 1992ರಲ್ಲಿ ನಬಾರ್ಡ್ ಮೂಲಕ ಬ್ಯಾಂಕಿನ ಸಾಲಕ್ಕೆ ಜೋಡಿಕೊಂಡವು. ಅಲ್ಲಿನದು ಬೇರೆ. ಬ್ಯಾಂಕಿಲ್ಲದೆಯೇ ನಡೆಯುತ್ತದೆ, ವರ್ಷದ ಕೊನೆಗೆ ಎಲ್ಲ ಹಂಚಿಕೊಂಡು ಪೆಟ್ಟಿಗೆ ಖಾಲಿ ಮಾಡಿ ಮತ್ತೆ ಮೊದಲಿನಿಂದ ಶುರು.

ಹದಿನೈದರಿಂದ ಮೂವತ್ತು ಜನ. ವಾರಕ್ಕೊಮ್ಮೆ ಸಭೆ. ಒಬ್ಬರು ಒಂದರಿಂದ ಐದು ಪಾಲು ಕೊಳ್ಳಬಹುದು, ಪಾಸ್‌ಬುಕ್ಕಿನಲ್ಲಿ ಪಾಲಿಗೊಂದು ಮುದ್ರೆ. ಕಬ್ಬಿಣದ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಎಲ್ಲರ ಎದುರೇ ತೆರೆಯುವುದು, ಎಲ್ಲರ ಎದುರೇ ಎಣಿಸುವುದು. ಕಾಯಿಲೆ, ಸಾವು ಅಂತ ಬೇರೆ ಸಣ್ಣ ನಿಧಿ. ಸಾಲ ಸಾಮಾನ್ಯವಾಗಿ ಉಳಿಸಿದ್ದರ ಮೂರು ಪಟ್ಟಿನ ತನಕ. 2018ರ ಕಿರುಹಣಕಾಸು ಕಾಯ್ದೆ ಬಂದ ಮೇಲೆ ಇಂಥ ಗುಂಪುಗಳೂ ನೋಂದಣಿ ಮಾಡಿಸಬೇಕು.

ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. "ನೀವು ಹೊರಗಿನವರು, ನಂಬಿಕೆ ಇದೆ" ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ನಿಮ್ಮ ದುಡ್ಡನ್ನೂ ಪೆಟ್ಟಿಗೆಗೆ ಹಾಕಬೇಡಿ. ನಿಮ್ಮದು ಒಂದು ಶಿಲ್ಲಿಂಗ್ ಬಿದ್ದರೂ ಸಾಲ ತೀರಿಸದವನು ಅದು ವಿದೇಶಿಯ ದುಡ್ಡು ಅಂದುಬಿಡುತ್ತಾನೆ.

ಸರ್ಕಾರದ ಸಾಲ: ನಿಮ್ಮ ಓಡಾಟ ಕೆಲಸಕ್ಕೆ ಬರುವ ಜಾಗ

ಟಾಂಜಾನಿಯಾದಲ್ಲಿ ಪ್ರತಿ ಸ್ಥಳೀಯ ಕೌನ್ಸಿಲ್ ತನ್ನ ಸ್ವಂತ ಆದಾಯದ ಶೇ. 10ನ್ನು ಬಡ್ಡಿ ಇಲ್ಲದ ಸಾಲಕ್ಕೆ ಎತ್ತಿಡಬೇಕು: ಶೇ. 4 ಮಹಿಳೆಯರಿಗೆ, ಶೇ. 4 ಯುವಕರಿಗೆ, ಶೇ. 2 ಅಂಗವಿಕಲರಿಗೆ. 2018ರಿಂದ ಇದು ಕಾನೂನು. ದುರುಪಯೋಗದ ದೂರು ಬಂದು 2023ರಲ್ಲಿ ನಿಲ್ಲಿಸಿದ್ದರು, 2024ರಲ್ಲಿ ಮತ್ತೆ ಶುರು ಮಾಡಿದರು. ಎಷ್ಟೋ ಹುಡುಗರಿಗೆ ಇದರ ಹೆಸರು ಗೊತ್ತು, ದಾರಿ ಗೊತ್ತಿಲ್ಲ. ನೋಂದಣಿ, 'ಕತಿಬಾ' ಅಂದರೆ ಗುಂಪಿನ ನಿಯಮಾವಳಿ, ಬ್ಯಾಂಕ್ ಖಾತೆ, ವ್ಯಾಪಾರದ ಲೆಕ್ಕ, ಎಲ್ಲ ಬೇಕು. ಒಂದು ಕಾಗದ ಕಡಿಮೆಯಾದರೆ ಪುನಃ ಬೆಂಚು.

ಇಲ್ಲಿ ಒಂದು ಉಪಾಯ. ಮೊದಲ ಸಲ ನೀವು ಹೋಗಿ, ಜೊತೆಗೆ ಗುಂಪಿನ ಒಬ್ಬಳು ಬರಲಿ. ಅವಳ ಆ ದಿನದ ಕೂಲಿಯನ್ನು ಗುಂಪಿನ ಪೆಟ್ಟಿಗೆ ಕೊಡಲಿ. ಎರಡನೇ ಸಲ ಮಾತಾಡುವುದು ಅವಳು, ನೀವು ಪಕ್ಕದಲ್ಲಿ ಸುಮ್ಮನೆ. ಮೂರನೇ ಸಲ ನೀವು ಹೊರಗೆ ಮರದ ಕೆಳಗೆ. ನಾಲ್ಕನೇ ಸಲ ನೀವು ಮನೆಯಲ್ಲಿ. ಅಧಿಕಾರಿ ಮೊದಲು ನಿಮ್ಮ ಕಡೆಗೇ ನೋಡಿ ಮಾತಾಡುತ್ತಾರೆ. ನೀವು ಅವಳ ಕಡೆ ನೋಡಿ. ಸ್ವಲ್ಪ ಹೊತ್ತಿಗೆ ಅವರೂ ಆ ಕಡೆ ತಿರುಗುತ್ತಾರೆ. ನಮ್ಮ ಗುಂಪಿನ ಹೊಲಿಗೆ ಹುಡುಗಿ ಮೂರನೇ ಸಲಕ್ಕೇ ಒಳಗಿಂದ ಬಂದು, ಅರ್ಜಿಯಲ್ಲಿ ನಾನು ಮಾಡಿದ್ದ ಕೂಡುವ ತಪ್ಪನ್ನು ತೋರಿಸಿ, ಹೊಸ ಹಾಳೆ ತರಲು ನನ್ನನ್ನೇ ಅಂಗಡಿಗೆ ಕಳಿಸಿದಳು.

ಸಾಲ ಬಂತಾ? ನಾನಿದ್ದಾಗ ಬರಲಿಲ್ಲ. ಅದನ್ನು ನಂಬಿಕೊಂಡು ಕೆಲಸ ನಿಲ್ಲಿಸಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೂರು ತಿಂಗಳು ಮುಂಚೆ

ಸಭೆಗಳಿಗೆ ಹೋಗುವುದನ್ನು ಕಡಿಮೆ ಮಾಡಿ. ಹೋದರೂ ಹಿಂದಿನ ಬೆಂಚು. ಲಸಿಕೆ ಅಂಗಡಿಯವನ ಫೋನ್ ನಂಬರು, ಪಶು ಅಧಿಕಾರಿಯ ನಂಬರು, ಮುಂದಿನ ಸುತ್ತಿನ ದಿನ, ಇವೆಲ್ಲ ನಿಮ್ಮ ಫೋನಿನಲ್ಲಿ ಮಾತ್ರ ಇದ್ದರೆ ಅವತ್ತೇ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಒಂದು ಸುತ್ತಿನ ಲಸಿಕೆ ಪೂರ್ತಿ ನೀವು ಊರಲ್ಲಿ ಇಲ್ಲದಾಗ ನಡೆಯಲಿ. ನಾನು ಬೇಕಂತಲೇ ರೈಲು ಹತ್ತಿ ಡೊಡೊಮಾಕ್ಕೆ ಹೋಗಿ ಕೂತಿದ್ದೆ. ಬಂದು ನೋಡಿದರೆ ಒಂದು ಬೀದಿ ಬಿಟ್ಟುಹೋಗಿತ್ತು, ಇಬ್ಬರು ಜಗಳ ಆಡಿದ್ದರು, ಲೆಕ್ಕ ಮಾತ್ರ ಸರಿ ಇತ್ತು. ಸಾಕು ಅನ್ನಿಸಿತು.

ಬೀಳ್ಕೊಡುಗೆಗೆ ಕೋಳಿ ಕೊಯ್ಯುತ್ತಾರೆ, ಬೇಡ ಅನ್ನಬೇಡಿ. ನೀವು ಸಸ್ಯಾಹಾರಿ ಆದರೆ ಮೊದಲ ತಿಂಗಳೇ ಹೇಳಿಬಿಟ್ಟಿರಿ, ಕೊನೆಯ ದಿನ ಹೇಳಿದರೆ ಅಡುಗೆ ಮಾಡಿದವರಿಗೆ ಬೇಜಾರು. ವಾಟ್ಸಾಪ್ ಗುಂಪಿನಿಂದ ಒಂದು ತಿಂಗಳಾದ ಮೇಲೆ ಹೊರಗೆ ಬನ್ನಿ, ಇಲ್ಲದಿದ್ದರೆ ಪ್ರತಿ ಜಗಳದ ತೀರ್ಪಿಗೂ ನಿಮ್ಮ ಹೆಸರೇ ಬರುತ್ತದೆ. ನಾನು ಹೊರಗೆ ಬರುವ ಹೊತ್ತಿಗೆ ಅಲ್ಲಿ ನಡೆಯುತ್ತಿದ್ದ ಚರ್ಚೆ, ಬಾತುಕೋಳಿಗೂ ಹಾಕಿ ಅಂತ ಒಬ್ಬಳು ಹಟ ಹಿಡಿದಿದ್ದಾಳೆ, ಹಾಕಬಹುದಾ, ಹಾಕಿದರೆ ನೂರು ಶಿಲ್ಲಿಂಗೋ ಇನ್ನೂರೋ. ಅಧಿಕಾರಿಯನ್ನು ಕೇಳೋಣ ಅಂತ ಹೊಲಿಗೆ ಹುಡುಗಿ ಬರೆದಿದ್ದಳು, ನಾಳೆ 'ಸಾ ಮ್ಬಿಲಿ'ಗೆ ನಾನೇ ಹೋಗುತ್ತೇನೆ ಅಂತ. ಅಂದರೆ ಬೆಳಿಗ್ಗೆ ಎಂಟಕ್ಕೆ.